ಜೀರುಂಡೆಯ ಪೊರೆ

ಮೆಟುಚೆನ್, 11-10-2000

ಚಿ. ಸೌ. ಸುಪ್ರಿಯಾಗೆ ಸೋದರಮಾವನ ಆಶೀರ್ವಾದ.

ನಾಡಿ ಹಿಡಿಯುವುದರಲ್ಲಿ ಅಮೆರಿಕದ ಡಾಕ್ಟರುಗಳೆಲ್ಲ ನನ್ನ ಶಿಷ್ಯರಾಗಬೇಕು. ಆದರೂ ಒಂದು ಮಾತು ಕೇಳು. ಶನಿವಾರ ಫ್ಲಶಿಂಗಿಗೆ ಹೋಗಿ ಆ ಚೀನಿ ವೈದ್ಯನನ್ನು ಬೈಯಬೇಡ. ನಿನ್ನ ಇಸುಬಿಗೆ ಅವನು ಕೊಟ್ಟ ಪ್ರತಿ ಪೊಟ್ಟಣದಲ್ಲೂ ಜೀರುಂಡೆ ಕಳಚಿ ಬಿಟ್ಟ ಪೊರೆ ಇರುತ್ತಿತ್ತು. ಲಿಂಗ ಕಟ್ಟಿದವರ ಒಲೆಯ ಮೇಲೆ ಹುಳ ಕುದಿಸುವುದೇ? ನೀನು ಆಫೀಸಿಗೆ ಹೋದ ಮೇಲೆ ಅದನ್ನು ಆರಿಸಿ ಎಸೆದು, ಉಳಿದ ಬೇರು, ತೊಗಟೆ ಕುದಿಸಿಟ್ಟೆ. ನಾಲ್ಕು ತಿಂಗಳು ನೀನು ಮೂಗು ಹಿಡಿದು ಕುಡಿದೆ. ನಿನ್ನೆ ರಕ್ತ ಬರುವಂತೆ ಮೊಣಕೈ ಕೆರೆಯುತ್ತ, "ಆ ಮುದುಕ ದೊಡ್ಡ ಫ್ರಾಡ್ ಮಾಮಾ" ಎಂದಾಗಲೂ ನಾನು ಹೂಂ ಎಂದೆ. ಪೊರೆ ಇದ್ದಿದ್ದರೆ ವಾಸಿಯಾಗುತ್ತಿತ್ತೋ ಇಲ್ಲವೋ, ಇನ್ನು ಯಾರಿಗೂ ತಿಳಿಯದು.

ಇವತ್ತು ಊರಿಗೆ ಹೊರಟೆ. ನಿಮ್ಮವ್ವನಿಗೆ ಆ ಔಷಧಿಗೆ ನೂರಿನ್ನೂರು ಡಾಲರ್ ಹೋಯಿತು ಎಂದಿದ್ದೇನೆ. ನಾನು ಹಾಳು ಮಾಡಿದ್ದು ಒಂಬೈನೂರ ನಲವತ್ತು, ಎಲ್ಲ ನಿನ್ನ ಸಂಬಳದ್ದು.

ನಿನ್ನ ಮಾಮಾ,
ಬಸವಲಿಂಗಪ್ಪ