ಕಣ್ಣು ಮುಚ್ಚಿಕೊಂಡು ಬೈಯುವ ಮನೆ

ಒಂಟಿಕೊಪ್ಪಲ್, ಮೈಸೂರು
ನವೆಂಬರ್ ೧೭, ೨೦೨೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಪ್ರೇಮ್ ಅವರಿಗೆ,

ಮಂಗಳೂರಿನ ಸೆಖೆಗೆ ಬೆನ್ನ ಮೇಲೆ ಎದ್ದಿದ್ದ ಬೆವರುಸಾಲೆ ಈಗ ಹೇಗಿದೆ? ಮೆಸ್ಸಿನ ಕುಚ್ಚಲಕ್ಕಿ ಅನ್ನ ಹೊಟ್ಟೆಗೆ ಒಗ್ಗಿತೇ? ಕೆಮ್ಮಿಗೆಂದು ಕಷಾಯದ ಪುಡಿ ಕಟ್ಟಿಕೊಟ್ಟಿದ್ದೆನಲ್ಲ, ಅದನ್ನು ನೀವು ಕುಡಿದಿರೋ, ಇಲ್ಲ ಎಂದಿನಂತೆ ರೂಮಿನವರಿಗೆ ದಾನ ಮಾಡಿದಿರೋ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಚಳಿ ಶುರುವಾದ ಮೇಲೆ ಮಾವನವರ ಮಂಡಿನೋವು ಸ್ವಲ್ಪ ಜಾಸ್ತಿ. ಅತ್ತೆಯವರ ಬಿಪಿ ನಾರ್ಮಲ್. ಏರಿರುವುದು ನನ್ನದು. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು, ಇನ್ನು ಜಗಳ.

ಫೋನ್ ಇರುವಾಗ ಇದೇನು ಕಾಗದ ಎಂದು ನೀವು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನ್ ಮಾಡಿದರೆ ನಿಮ್ಮ ಅಮ್ಮ ಅಡುಗೆಮನೆಯಿಂದಲೇ, "ಸ್ಪೀಕರ್ ಹಾಕಮ್ಮ, ನಾವೂ ಕೇಳ್ತೀವಿ" ಅನ್ನುತ್ತಾರೆ. ವಾಟ್ಸಾಪ್ ಮಾಡಿದರೆ ನೀವು ಎರಡು ನೀಲಿ ಗೆರೆ ತೋರಿಸಿ, ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾಗುತ್ತೀರಿ. ಕಾಗದಕ್ಕೆ ಹಾಗೆ ಮಾಡಲಾಗುವುದಿಲ್ಲ. ಕೊನೆಯವರೆಗೂ ಓದಲೇಬೇಕು. ಚರ್ಚಿನ ಆರಾಧನೆ ಮುಗಿಸಿ ಬಂದು, ಕೋಳಿಸಾರು ಉಂಡು ಅತ್ತೆ ಮಾವ ಇಬ್ಬರೂ ಮಲಗಿದ್ದಾರೆ. ಮಾವನವರ ಗೊರಕೆ ಹಜಾರದವರೆಗೂ ಬರುತ್ತಿದೆ. ನಾನು ಊಟದ ಮೇಜಿನ ಮೇಲೆ ಎಣ್ಣೆ ಕಲೆ ಇಲ್ಲದ ಜಾಗ ಹುಡುಕಿ ಬರೆಯುತ್ತಿದ್ದೇನೆ.

ಅಲ್ಲಾ ರೀ, ನಿಮಗೆ ನಾಚಿಕೆ ಅನ್ನುವುದು ಏನಾದರೂ ಇದೆಯೇ? ದಸರಾ ರಜಕ್ಕೆ ಬಂದು ಅಷ್ಟು ದಿನ ಮನೆಯಲ್ಲೇ ಇದ್ದಿರಿ. ನಿಮ್ಮ ಅಮ್ಮ ಮಾಡಿದ ಕೈಮಾ ಉಂಡೆ ತಿಂದಿರಿ, ಮಾವನವರ ಜೊತೆ ಕೂತು ಜಂಬೂಸವಾರಿಯನ್ನು ಟೀವಿಯಲ್ಲಿ ನೋಡಿದಿರಿ, ನನ್ನನ್ನು ಕರೆದುಕೊಂಡು ಹೋಗಿ ದೀಪಾಲಂಕಾರ ತೋರಿಸಿದಿರಿ. ಒಂದು ಮಾತು ಆಡಲಿಲ್ಲ. ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ, ಕಂಡಕ್ಟರ್ ವಿಷಲ್ ಊದಿದ ಮೇಲೆ, ಮಂಗಳೂರು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡು, "ಸೆಲಿನಾ, ನಂಗೆ ಪ್ರಾರ್ಥನೆ ಮಾಡಕ್ಕೇ ಆಗ್ತಿಲ್ಲ ಕಣೇ. ಕಣ್ಣು ಮುಚ್ಚಿದ್ರೆ ಒಳಗೆ ಏನೂ ಇಲ್ಲ. ಕಾಲೇಜು ಬಿಟ್ಬುಡ್ತೀನಿ. ಅಮ್ಮಂಗೆ ನೀನೇ ಹೇಗಾದ್ರೂ ಹೇಳ್ಬುಡು" ಅಂದಿರಿ. ಬಾಗಿಲು ಮುಚ್ಚಿತು. ಬಸ್ಸು ಹೋಯಿತು. ನಾನು ಕೈಯಲ್ಲಿ ನಿಮ್ಮ ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದೆ. ದೈವಶಾಸ್ತ್ರ ಓದಲು ಹೋಗಿ ಗ್ರೀಕ್ ಕಲಿತಿದ್ದೀರಿ, ಹೀಬ್ರೂ ಕಲಿಯುತ್ತಿದ್ದೀರಿ. ಹೆತ್ತ ತಾಯಿಗೆ ಒಂದು ಮಾತು ಹೇಳಲು ಕನ್ನಡ ಸಾಲಲಿಲ್ಲವೇ?

ನಿಮ್ಮ ಮನೆಯಲ್ಲಿ ಒಬ್ಬರಿಗೊಬ್ಬರು ಏನನ್ನಾದರೂ ನೇರವಾಗಿ ಹೇಳುವ ಪದ್ಧತಿ ಇದ್ದರೆ ಹೇಗೋ ಹೇಳಿಬಿಡುತ್ತಿದ್ದೆ. ಇಲ್ಲಿ ಎಲ್ಲವೂ ದೇವರ ಮೂಲಕವೇ ಹೋಗಬೇಕು. ರಾತ್ರಿ ಎಂಟಾಯಿತೆಂದರೆ ಟೀವಿ ಆಫ್, ಕುಕ್ಕರ್ ಆಫ್, ಎಲ್ಲರೂ ಹಜಾರದಲ್ಲಿ ಕುಟುಂಬ ಪ್ರಾರ್ಥನೆಗೆ ಕೂರಬೇಕು. ನನ್ನ ತವರಿನಲ್ಲೂ ದಿನಾ ಪ್ರಾರ್ಥನೆ ಇತ್ತು, ಇಲ್ಲವೆನ್ನುವುದಿಲ್ಲ. ನಮ್ಮದು ಕಥೋಲಿಕರ ಮನೆ, ಅಪ್ಪ ಇನ್ನಾಸಪ್ಪನವರು ಜಪಮಾಲೆ ಹಿಡಿದು ಶುರುಮಾಡಿದರೆ ನಾವು ಹಿಂದೆ ಹೇಳಿಕೊಂಡು ಹೋಗುತ್ತಿದ್ದೆವು. ಮಾತುಗಳೆಲ್ಲ ಮೊದಲೇ ಗೊತ್ತಿರುವವು. ನಮೋ ಮರಿಯಾ ಹೇಳುವಾಗ ನಡುವೆ ಸೊಸೆಯನ್ನು ಬೈಯಲು ಜಾಗವೇ ಇರುವುದಿಲ್ಲ. ನಿಮ್ಮ ಪ್ರೊಟೆಸ್ಟೆಂಟರಲ್ಲಿ ಹಾಗಲ್ಲವಲ್ಲ, ಪ್ರತಿಯೊಬ್ಬರೂ ತಮ್ಮ ಸರದಿ ಬಂದಾಗ ತಮ್ಮದೇ ಮಾತಿನಲ್ಲಿ ಪ್ರಾರ್ಥಿಸಬೇಕು. ಹೆಡ್‌ಮಿಸ್ ಆಗಿ ರಿಟೈರ್ ಆದ ನಿಮ್ಮ ಅಮ್ಮನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ?

ನೀವು ಇದ್ದಾಗ ಸ್ವಲ್ಪ ಹತೋಟಿ ಇತ್ತು. ಈಗ ಕೇಳಿ. "ಕೃಪಾಪೂರ್ಣನಾದ ಕರ್ತನೇ, ಒಲೆಯ ಮೇಲೆ ಹಾಲಿಟ್ಟು ಫೋನು ನೋಡುತ್ತಾ ನಿಲ್ಲುವವರಿಗೆ ಎಚ್ಚರವನ್ನು ಅನುಗ್ರಹಿಸು." ಇದು ಸೋಮವಾರದ್ದು. "ಸಾರಿಗೆ ಎರಡು ಸಲ ಉಪ್ಪು ಹಾಕುವ ಕೈಗಳಿಗೆ ಜ್ಞಾಪಕಶಕ್ತಿಯನ್ನು ದಯಪಾಲಿಸು." ಇದು ಮರುದಿನದ್ದು. ಲ್ಯಾಬಿನಲ್ಲಿ ಸ್ಯಾಂಪಲ್ ಜಾಸ್ತಿ ಬಂದು ನಾನು ತಡವಾಗಿ ಓಡಿಬಂದು ಕೂತರೆ, "ಕೆಲಸವೆಂಬ ನೆವದಿಂದ ನಿನ್ನ ಸನ್ನಿಧಾನಕ್ಕೆ ತಡವಾಗಿ ಬರುವವರನ್ನು ಸಹಿಸಿಕೋ ಸ್ವಾಮಿ." ಎಲ್ಲವೂ ಕಣ್ಣು ಮುಚ್ಚಿಕೊಂಡು, ಅಷ್ಟು ಚಂದದ ಸತ್ಯವೇದದ ಕನ್ನಡದಲ್ಲಿ. ನಾನು ಉತ್ತರ ಕೊಡುವ ಹಾಗಿಲ್ಲ, ಏಕೆಂದರೆ ಅವರು ಮಾತಾಡುತ್ತಿರುವುದು ನನ್ನ ಜೊತೆ ಅಲ್ಲ. ಆಮೇಲೆ ಕೇಳುವ ಹಾಗೂ ಇಲ್ಲ. ಚರ್ಚಿನಲ್ಲಿ ಉಪದೇಶಿಗಳಾಗಿದ್ದ ನಿಮ್ಮ ತಾತ ಮಾಡಿಟ್ಟ ನಿಯಮವನ್ನು ಮದುವೆಯಾದ ವಾರವೇ ನೀವು ಹೇಳಿದ್ದಿರಿ: ಪ್ರಾರ್ಥನೆಯಲ್ಲಿ ಹೇಳಿದ್ದನ್ನು ಪ್ರಾರ್ಥನೆ ಮುಗಿದ ಮೇಲೆ ಯಾರೂ ಎತ್ತಬಾರದು. ಮಾವನವರೋ, ಕಿವಿಯ ಮೆಷಿನ್ ತೆಗೆದು ಜೇಬಿಗೆ ಹಾಕಿಕೊಂಡು ಕೂರುತ್ತಾರೆ. ಅತ್ತೆಯ ತುಟಿ ನಿಂತದ್ದನ್ನು ನೋಡಿಕೊಂಡು ಗಟ್ಟಿಯಾಗಿ "ಆಮೆನ್" ಅನ್ನುತ್ತಾರೆ. ಪಕ್ಕದ ಮನೆಯ ಶಾರದ ಮೊನ್ನೆ ಕಾಂಪೌಂಡಿನ ಮೇಲಿಂದ, "ಎಂಟು ಗಂಟೆಗೆ ನಿಮ್ಮನೆ ಎಷ್ಟು ಶಾಂತವಾಗಿರುತ್ತೆ ಕಣ್ರೀ, ಕೇಳಕ್ಕೇ ಒಂಥರಾ ನೆಮ್ಮದಿ" ಅಂದಳು. ನಗುವುದೋ ಅಳುವುದೋ ತಿಳಿಯದೆ ಒಣಗಿದ ಬಟ್ಟೆ ತೆಗೆದುಕೊಂಡು ಒಳಗೆ ಬಂದೆ.

ಇಂಥ ಮನೆಯಲ್ಲಿ ನಿಮ್ಮ ವಿಷಯ ಹೇಗೆ ಹೇಳುವುದು? ಅದೂ ಅತ್ತೆ ಊರಿಗೆಲ್ಲ ಸಾರಿಕೊಂಡು ಬಂದಿರುವಾಗ. ಕ್ರಿಸ್ಮಸ್‌ಗೆ ಮುಂಚಿನ ಭಾನುವಾರ ಚರ್ಚಿನಲ್ಲಿ ಉಪದೇಶದ ಪ್ರಸಂಗ ನಮ್ಮ ಪ್ರೇಮನದೇ ಎಂದು ಪಾದ್ರಿ ಅಯ್ಯನವರಿಂದ ಸಭೆಯಲ್ಲಿ ಪ್ರಕಟಣೆಯನ್ನೂ ಓದಿಸಿಬಿಟ್ಟಿದ್ದಾರೆ. ಸ್ತ್ರೀಯರ ಸಂಘದವರೆಲ್ಲ ನನ್ನ ಕೈಹಿಡಿದು, "ಇನ್ನೇನಮ್ಮ, ನೀನೂ ಅಯ್ಯನವರ ಹೆಂಡ್ತಿ ಆಗ್ಬುಡ್ತೀಯಾ" ಅನ್ನುತ್ತಾರೆ. ನಾನು ಹಲ್ಲು ಕಿರಿದು ನಿಲ್ಲುತ್ತೇನೆ. ಅತ್ತೆ ನಿಮಗಾಗಿ ಬಿಳಿ ಜುಬ್ಬಾದ ಬಟ್ಟೆ ತಂದು ಟೈಲರ್‌ಗೆ ಕೊಡಲು ಅಳತೆಯ ಜುಬ್ಬಾ ಹುಡುಕುತ್ತಿದ್ದರು. ಅದನ್ನು ಹುಡುಕುವ ನೆಪದಲ್ಲಿ ನನ್ನ ಬೀರು ತೆಗೆದಿದ್ದಾರೆ. ಸೀರೆಗಳ ಹಿಂದೆ ನಮ್ಮಮ್ಮ ಕೊಟ್ಟ ಮರಿಯಾ ಮಾತೆಯ ಪುಟ್ಟ ಪ್ರತಿಮೆ ಇದೆಯಲ್ಲ, ಅದು ಕಂಡಿದೆ. ನಿಮ್ಮವರಿಗೆ ಪ್ರತಿಮೆ ಆಗಿಬರುವುದಿಲ್ಲ ಎಂದು ತಾನೇ ನಾನು ಅದನ್ನು ಹಜಾರಕ್ಕೆ ತರದೆ ಅಲ್ಲಿಟ್ಟದ್ದು? ಆ ದಿನ ರಾತ್ರಿ ಪ್ರಾರ್ಥನೆಯಲ್ಲಿ, "ಕರ್ತನೇ, ರೇಷ್ಮೆ ಸೀರೆಗಳ ಹಿಂದೆ ಬಚ್ಚಿಟ್ಟಿರುವುದನ್ನೂ ನೋಡುವವನು ನೀನು" ಎಂದು ಬಂತು.

ನನಗೆ ಮೈಯೆಲ್ಲ ಉರಿದುಹೋಯಿತು ಕಣ್ರೀ. ಮದುವೆಯಾದಾಗಿನಿಂದ ನನ್ನ ಸರದಿ ಬಂದರೆ ನಾನು ಪರಲೋಕದ ತಂದೆಯ ಪ್ರಾರ್ಥನೆಯೊಂದನ್ನು ಹೇಳಿ ಮುಗಿಸುತ್ತಿದ್ದೆ. ಸ್ವಂತ ಮಾತಿನಲ್ಲಿ ಪ್ರಾರ್ಥಿಸಲು ನನಗೆ ಬಾಯಿ ಬರುತ್ತಿರಲಿಲ್ಲ, ನಿಮಗೇ ಗೊತ್ತು. ಅವತ್ತು ಬಂತು. "ದೇವ್ರೇ, ಇನ್ನೊಬ್ಬರ ಬೀರು ತೆಗೆದು ನೋಡೋರ ಕೈಗೂ ನಿನ್ನ ಆಶೀರ್ವಾದ ಇರ್ಲಪ್ಪ" ಅಂದೆ. ಮಾವ ಆಮೆನ್ ಅಂದರು. ಮರುದಿನ ಅತ್ತೆ, ಹಿರಿಯರಿಗೆ ಎದುರು ಮಾತಾಡುವ ನಾಲಿಗೆಗಳ ಬಗ್ಗೆ ಪ್ರಾರ್ಥಿಸಿದರು. ನಾನು, ಬೇಕಂತಲೇ ತಣ್ಣಗಿನ ಕಾಫಿ ಕೊಡುವವರ ಬಗ್ಗೆ ಪ್ರಾರ್ಥಿಸಿದೆ. ಹೀಗೇ ಒಂದು ವಾರ ನಡೆಯಿತು. ಮಾವ ಇಬ್ಬರಿಗೂ ಆಮೆನ್ ಹೇಳಿದರು, ಪಕ್ಷಪಾತ ಮಾಡಲಿಲ್ಲ.

ಆಮೇಲೆ ಬುಧವಾರ ಬಂತು. ನಿಮ್ಮ ಜಾಗ ಹಾಗೇ ಇದೆ, ಕಿಟಕಿಯ ಪಕ್ಕದ ಬೆತ್ತದ ಕುರ್ಚಿ. ಅದರಲ್ಲಿ ಯಾರೂ ಕೂರುವುದಿಲ್ಲ. ನೀವು ಹೋದಾಗಿನಿಂದ ಮಾವನ ಸರದಿ ಮುಗಿದ ಮೇಲೆ, ನನ್ನ ಸರದಿಗೆ ಮುಂಚೆ, ನಿಮ್ಮ ಸರದಿಯನ್ನು ಅತ್ತೆಯೇ ತುಂಬುತ್ತಿದ್ದರು. ನಿಮ್ಮ ಓದು, ನಿಮ್ಮ ಆರೋಗ್ಯ, ನಿಮ್ಮ ಸೇವೆ, ನಿಮ್ಮ ಮುಂದಿನ ಸಭೆ, ಎಲ್ಲಕ್ಕೂ ಅವರೇ ಪ್ರಾರ್ಥಿಸುತ್ತಿದ್ದರು. ಬುಧವಾರ ಅವರು, "ಕರ್ತನೇ, ನನ್ನ ಮಗನ ಬಾಯಲ್ಲಿ ನಿನ್ನ ಮಾತುಗಳನ್ನು ಇಟ್ಟದ್ದಕ್ಕೆ ಸ್ತೋತ್ರ" ಅಂದರು. ಹಾಗೆ ಹೇಳುವಾಗ ಅವರ ದನಿ ನಡುಗಿತು. ಹೆಡ್‌ಮಿಸ್ ದನಿ ಅಲ್ಲ ಅದು. ಆ ದನಿ ಕೇಳಿ ನನಗೆ ಇನ್ನು ತಡೆಯಲಾಗಲಿಲ್ಲ.

ನನ್ನ ಸರದಿ ಬಂತು. ನಾನು ಏನೇನು ಹೇಳಿದೆನೋ ಹಾಗೇ ಬರೆಯುತ್ತೇನೆ. "ದೇವ್ರೇ, ಅವ್ರಮ್ಮಂಗೆ ಹೇಳಕ್ಕೆ ನನ್ ಕೈಲಿ ಆಗಲ್ಲ. ನಿಂಗೇ ಹೇಳ್ತೀನಿ, ಕೇಳಿಸ್ಕೊ. ಪ್ರೇಮ್‌ಗೆ ಪ್ರಾರ್ಥನೆ ಮಾಡಕ್ಕೇ ಆಗ್ತಿಲ್ವಂತೆ. ಕಣ್ಣು ಮುಚ್ಚಿದ್ರೆ ಒಳಗೆ ಏನೂ ಇಲ್ವಂತೆ. ಕಾಲೇಜು ಬಿಟ್ಬುಡ್ತೀನಿ ಅಂತಾರೆ. ಅಮ್ಮನ ಮುಖ ನೋಡಕ್ಕೆ ಅವ್ರಿಗೆ ಭಯ. ನಂಗೂ ಭಯ. ಈ ಮನೇಲಿ ಯಾರು ಯಾರಿಗೆ ಏನ್ ಹೇಳ್ಬೇಕಾದ್ರೂ ನಿನ್ನನ್ನೇ ನಡುವೆ ಕೂರಿಸ್ತಾರೆ, ನಿಂಗೂ ಸಾಕಾಗೋಗಿರ್ಬೇಕು. ಏನಾದ್ರೂ ಮಾಡಪ್ಪ." ಅಷ್ಟೇ. ಮುಗಿಸುವುದು ಹೇಗೆಂದೂ ತಿಳಿಯಲಿಲ್ಲ, ಅಳು ಬಂದುಬಿಟ್ಟಿತು. ಅದು ಬೈಗುಳವೋ ಪ್ರಾರ್ಥನೆಯೋ ನನಗೆ ಗೊತ್ತಿಲ್ಲ. ಆದರೆ ಒಂದು ಹೇಳುತ್ತೇನೆ, ನಗಬೇಡಿ. ಅತ್ತೆಗೆ ತಾಗಲಿ ಎಂದು ಹೇಳಿದ ಮಾತು ಅದರಲ್ಲಿ ಒಂದೂ ಇರಲಿಲ್ಲ. ನಿಜವಾಗಿ ಅವನಿಗೇ ಹೇಳಿದೆ. ಯಾರೋ ಎದುರಿಗೆ ಕೂತು ಕೇಳಿಸಿಕೊಂಡ ಹಾಗಿತ್ತು. ಇಷ್ಟು ವರ್ಷ ಜಪಮಾಲೆ ತಿರುಗಿಸಿದರೂ ನನಗೆ ಹಾಗೆ ಆಗಿರಲಿಲ್ಲ.

ಮಾವ ಆಮೆನ್ ಅಂದರು. ಅತ್ತೆ ಕಣ್ಣು ತೆರೆದರು, ಸೆರಗು ಸರಿಮಾಡಿಕೊಂಡರು, ಎದ್ದು ಚಪಾತಿ ಲಟ್ಟಿಸಲು ಹೋದರು. ನಿಯಮ ನಿಯಮವೇ. ಅವತ್ತಿನಿಂದ ನನಗೆ ಬೈಗುಳವೂ ಇಲ್ಲ. ಗುರುವಾರ ಹಾಲು ಉಕ್ಕಿಸಿದೆ, ರಾತ್ರಿಯ ಪ್ರಾರ್ಥನೆಯಲ್ಲಿ ಆ ಸುದ್ದಿಯೇ ಇಲ್ಲ. ಅದಕ್ಕಿಂತ ಭಯವಾದದ್ದು ಇನ್ನೊಂದು. ನಿಮ್ಮ ಸರದಿಯನ್ನು ಅವರು ಈಗ ತುಂಬುತ್ತಿಲ್ಲ. ಮಾವನ ಸರದಿ ಮುಗಿದ ಮೇಲೆ ಸುಮ್ಮನೆ ಕೂರುತ್ತಾರೆ. ನಿಮ್ಮ ಹೆಸರೇ ಎತ್ತುವುದಿಲ್ಲ. ನಿಮಗೆ ಬೇಕಾಗುತ್ತಿದ್ದಷ್ಟು ಹೊತ್ತು ಹಾಗೇ ಕೂತಿದ್ದು, ಆಮೇಲೆ ನನ್ನ ಕಡೆ ತಲೆ ಆಡಿಸುತ್ತಾರೆ. ಮಗನಿಗಾಗಿ ಪ್ರಾರ್ಥನೆಯನ್ನೇ ನಿಲ್ಲಿಸಿಬಿಡುವಷ್ಟು ಕೋಪ ಯಾವ ತಾಯಿಗಾದರೂ ಬರುತ್ತದೆಯೇ? ಬಾಯಿಬಿಟ್ಟು ಬೈದರೆ ತಡೆದುಕೊಳ್ಳಬಹುದು, ಈ ಮೌನ ತಡೆಯಲಾಗುತ್ತಿಲ್ಲ. ಇದೆಲ್ಲ ನೀವು ಬಸ್ಸಿನ ಮೆಟ್ಟಿಲ ಮೇಲಿಂದ ಎಸೆದುಹೋದ ಮಾತು. ನನ್ನ ತಲೆಗೆ ಕಟ್ಟಿ ನೀವು ಕಡಲ ಗಾಳಿ ಕುಡಿಯುತ್ತಾ ಕೂತಿದ್ದೀರಿ.

ಆದ್ದರಿಂದ ಇದು ನನ್ನ ಕೊನೆಯ ಮಾತು. ಕಾಲೇಜು ಬಿಡುತ್ತೀರೋ, ಮುಂದುವರಿಸುತ್ತೀರೋ, ಎರಡಕ್ಕೂ ನಾನಿದ್ದೇನೆ. ನಾನು ಮದುವೆಯಾದದ್ದು ಅಯ್ಯನವರನ್ನಲ್ಲ, ಮೆಡಿಕಲ್ ಸ್ಟೋರಿನಲ್ಲಿ ಬಿಲ್ ಬರೆಯುತ್ತಿದ್ದ ಪ್ರೇಮ್‌ಕುಮಾರ್ ಅವರನ್ನು. ಆದರೆ ಅಮ್ಮನ ಎದುರು ನಿಂತು, ಕಣ್ಣು ತೆರೆದುಕೊಂಡು, ನೀವೇ ಹೇಳಬೇಕು. ಇನ್ನು ನಾನು ನಡುವೆ ಬರುವುದಿಲ್ಲ, ದೇವರನ್ನೂ ನಡುವೆ ಕರೆಯುವುದಿಲ್ಲ. ಬರುವಾಗ ನೀರಿನ ಬಾಟಲಿ ತರುವ ಅಗತ್ಯವಿಲ್ಲ, ನಿಮ್ಮದು ಇಲ್ಲೇ ಇದೆ.

ಮಾವನವರ ಆಶೀರ್ವಾದಗಳು ನಿಮಗೆ. ಅತ್ತೆಯವರದನ್ನು ಕೇಳಿ ಬರೆಯಲು ನನಗೆ ಧೈರ್ಯವಿಲ್ಲ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿಮ್ಮ,
ಸೆಲಿನಾ

ತಾ.ಕ.: ಕವರಿಗೆ ಅಂಟು ಹಚ್ಚುತ್ತಿದ್ದೆ, ಅತ್ತೆ ಎದ್ದು ಬಂದರು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡಿ. "ಅವನಿಗಾ?" ಅಂದರು. ಹೌದು ಅಂದೆ. ಎದುರಿನ ಕುರ್ಚಿ ಎಳೆದುಕೊಂಡು ಕೂತು, ತಾತನ ನಿಯಮವನ್ನು ಅವರೇ ಮುರಿದರು, ಹಾಡುಹಗಲಲ್ಲಿ, ಕಣ್ಣು ಬಿಟ್ಟುಕೊಂಡು. ಹೇಳಿದ್ದನ್ನು ಹಾಗೇ ಬರೆ ಅಂದಿದ್ದಾರೆ, ಬರೆದಿದ್ದೇನೆ: "ಪ್ರಸಂಗ ಬೇರೆಯೋರಿಗೆ ಕೊಡಿ ಅಂತ ಬೆಳಿಗ್ಗೆನೇ ಅಯ್ಯನವರಿಗೆ ಹೇಳ್ಬಂದೆ. ಕಾಲೇಜಿನ ವಿಷ್ಯ ಅವನಿಷ್ಟ. ಮನೆಗೆ ಬರಕ್ಕೆ ಹೆದರ್ಬೇಡ ಅಂತ ಬರಿ. ಅವನ ಸರದಿ ನಾನ್ ಸುಮ್ನೆ ಬಿಡ್ತಿರೋದು ಕೋಪಕ್ಕಲ್ಲ ಕಣಮ್ಮ, ಅಷ್ಟೂ ಗೊತ್ತಾಗಲ್ವಾ ನಿಂಗೆ? ಅವನು ಬಂದು ಅವನ ಕುರ್ಚೀಲಿ ಸುಮ್ನೆ ಕೂತ್ಕೊಳ್ಲಿ. ಒಂದು ಮಾತೂ ಆಡೋದು ಬೇಡ. ಆಮೆನ್ ನಾನ್ ಹೇಳ್ತೀನಿ."