ಸೊಂಟದ ತನಕ ನೀರು

ಅಮ್ಮಾ,

ನಮ್ಮ ದ್ವೀಪದ ರೂಢಿಯಂತೆ ನಿನ್ನ ಗೋರಿಗೆ ಹೊದಿಸಿದ ಬಟ್ಟೆ ಬಿಸಿಲಿಗೆ ಬಣ್ಣಗೆಟ್ಟಿದೆ. ಈ ಕಾಗದವನ್ನು ನೀನು ಓದುವುದಿಲ್ಲ. ಆದರೂ ಇವತ್ತು ನಡೆದದ್ದನ್ನು ಇನ್ನಾರಿಗೆ ಹೇಳಲಿ?

ರಾಜಧಾನಿ ಸುವಾದಿಂದ ನಮ್ಮ ಹಳ್ಳಿಗೆ ಬಂದ ನರ್ಸ್ ಮೆರೆಸೈನಿ ಚರ್ಚಿನ ಪಕ್ಕದ ಸಭಾಮನೆಯಲ್ಲಿ ಹೆಂಗಸರನ್ನೆಲ್ಲ ಚಾಪೆಯ ಮೇಲೆ ಕೂರಿಸಿದಳು. "ಕೆಮ್ಮಿದ್ರೆ, ನಕ್ರೆ ಉಚ್ಚೆ ಜಾರತ್ತಾ?" ಎಂದು ನೇರವಾಗಿ ಕೇಳಿದಳು. ಎಲ್ಲರೂ ನೆಲ ನೋಡಿದರು. ನಿನ್ನ ಜೊತೆ ಬಲೆ ಎಳೆಯುತ್ತಿದ್ದ ಲೋಸಲಿನಿ ಅತ್ತೆ ಮಾತ್ರ, "ಹೆತ್ತವಳಿಗೆ ಅದು ಇದ್ದದ್ದೇ ಅಲ್ವೇನೇ?" ಎಂದಳು.

"ತುಂಬ ಜನಕ್ಕೆ ಆಗತ್ತೆ ಅತ್ತೆ. ಹಾಗಂತ ಸಹಿಸ್ಕೊಂಡೇ ಇರಬೇಕಾಗಿಲ್ಲ. ಕೆಳಗಿನ ಸ್ನಾಯು ಬಿಗಿ ಹಿಡಿಯೋದು, ಪೂರ್ತಿ ಸಡಿಲ ಬಿಡೋದು, ಎರಡನ್ನೂ ಸರಿಯಾಗಿ ಕಲಿತ್ರೆ ವಯಸ್ಸಾದವರಿಗೂ ಎಷ್ಟೋ ಹಿಡಿತಕ್ಕೆ ಬರತ್ತೆ. ನೀರು, ಚಹಾ ಕುಡಿಯೋದು ಬಿಟ್ಟುಬಿಟ್ರೆ ಸರಿಹೋಗಲ್ಲ."

ಭಾನುವಾರ ಚರ್ಚಿಗೆ ಹೊರಡುವ ಮುಂಚೆ ನೀನು ಚಹಾ ಮುಟ್ಟುತ್ತಿರಲಿಲ್ಲ. ನಾನದನ್ನು ಭಕ್ತಿಯೆಂದು ತಿಳಿದಿದ್ದೆ.

ಹೊರಗೆ ಬಂದಾಗ ಅತ್ತೆ ನನ್ನ ಕೈ ಹಿಡಿದಳು. "ನಿಮ್ಮಮ್ಮ ಮೀನಿಗೆ ಅಂತ ಯಾಕೆ ಅಷ್ಟು ಓಡ್ತಿದ್ಲು ಗೊತ್ತಾ? ಸೊಂಟದ ತನಕ ನೀರು, ಎಲ್ಲರ ಬಟ್ಟೇನೂ ಒದ್ದೆ. ಅಲ್ಲಿ ಮಾತ್ರ ಅವಳು ಭಯ ಇಲ್ದೆ ನಗಬಹುದಿತ್ತು."

ಬುಟ್ಟಿ ಹಿಡಿದು ದಡದಲ್ಲಿ ಕೂತು ನಾನು ಆ ನಗು ಕೇಳುತ್ತಿದ್ದೆ, ಅಮ್ಮಾ. ಮನೆಗೆ ಬಂದರೆ ನಿನ್ನ ತುಟಿ ಬಿಗಿದಿರುತ್ತಿತ್ತು. ನಮಗಿಂತ ನಿನಗೆ ಸಮುದ್ರವೇ ಇಷ್ಟ ಎಂದುಕೊಂಡೇ ಬೆಳೆದೆ.

ಈಗ ಒಬ್ಬಳೇ ಚಹಾ ಕಾಸಿದ್ದೇನೆ. ನಿನ್ನ ಲೋಟಕ್ಕೂ ಹೊಯ್ದಿದ್ದೇನೆ, ಅಂಚಿನ ತನಕ.