ಕಪಾಟಿನಲ್ಲಿ ಉಳಿದ ಗಂಡು ಜೇಡ

ನಮ್ಮವರಿಗೆ,

ನಿಮ್ಮ ಟರಾಂಟುಲಾ ಜೇಡಗಳೆಲ್ಲ ಚೆನ್ನಾಗಿವೆ. ಕರಿ ಹೆಣ್ಣು ಮೊಟ್ಟೆಚೀಲವನ್ನು ಅಪ್ಪಿಕೊಂಡೇ ಕೂತಿದೆ. ನೀವು ಹೇಳಿದಂತೆ ಡಬ್ಬಿ ಅಲುಗಿಸದೆ ನೀರಿಟ್ಟಿದ್ದೇನೆ.

ಭಾನುವಾರ ಬಂದರೆ ನೀವು ಆ ಟೀಚರಮ್ಮನ ಮನೆಗೆ ಹೋಗುವುದು ಅವರ ಹೆಣ್ಣು ಜೇಡಕ್ಕೆ ನಮ್ಮ ಗಂಡನ್ನು ಕೂಡಿಸಲಿಕ್ಕೆ ಎಂದೇ ನಂಬಿದ್ದೆ. ಈ ಸಲವೂ ಡಬ್ಬಿಗೆ ಬಟ್ಟೆ ಸುತ್ತಿ, ಹೊಸ ಅಂಗಿ ತೊಟ್ಟು ಹೊರಟಿರಿ. "ಬರೋದು ನಾಳೆನೇ ಕಣೇ, ಅವಸರ ಮಾಡಿದ್ರೆ ಅವು ಕೂಡಲ್ಲ" ಅಂದಿರಿ. ಜೇಡ ಕೂಡಿಸಲು ಸೆಂಟು ಯಾಕೆ ಎಂದು ಬಾಯಿಗೆ ಬಂದಿತ್ತು, ಬಾಗಿಲು ಹಾಕಿಕೊಂಡೆ.

ಇವತ್ತು ನೀವು ಹೋದ ಮೇಲೆ ಕಪಾಟು ಒರೆಸುವಾಗ ನೋಡಿದರೆ ಗಂಡು ಜೇಡ ಮೂಲೆಯ ಡಬ್ಬಿಯಲ್ಲೇ ಇದೆ. ನಮ್ಮಲ್ಲಿರುವುದು ಅದೊಂದೇ ಗಂಡು. ಹಾಗಾದರೆ ನೀವು ಒಯ್ದ ಡಬ್ಬಿಯಲ್ಲಿ ಏನಿತ್ತು? ಅತ್ತೆ "ಮರೆತಿರ್ತಾನೆ ಬಿಡಮ್ಮ" ಅಂದರು. ಆದರೆ ನನ್ನ ಮುಖ ನೋಡಿ ಹೇಳಲಿಲ್ಲ.

ಈ ಪತ್ರದ ಜೊತೆ ಗಂಡು ಜೇಡವನ್ನೂ ನಿಮ್ಮ ತಮ್ಮನ ಕೈಲಿ ಕಳಿಸಿದ್ದೇನೆ. ಕೂಡಿದ ಕೂಡಲೇ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಹೆಣ್ಣು ತಿಂದುಹಾಕುತ್ತದೆ. ನೀವೇ ಕಲಿಸಿದ್ದು.

ಮೈದುನ ಬಾಗಿಲಲ್ಲೇ ಹಿಂತಿರುಗುವುದಿಲ್ಲ. ಆ ಮನೆಯಲ್ಲಿ ಜೇಡ ಎಂಬುದು ಇದೆಯೋ ಇಲ್ಲವೋ, ಕಣ್ಣಾರೆ ನೋಡಿಕೊಂಡು ಬಾ ಎಂದು ಹೇಳಿದ್ದೇನೆ.

ಇಂತಿ,
ಮೊಟ್ಟೆಚೀಲ ಕಾಯುತ್ತಿರುವ
ನಿಮ್ಮವಳು